ಹಳದಿ ಬೆಡ್‌ಶೀಟು

ಮೊದಲು ಕೊಡವಬೇಕು. ಒಗೆಯುವುದು ಆಮೇಲೆ.

ಆಸ್ಪತ್ರೆಯ ಬಟ್ಟೆ ಮನೆಯ ಬಟ್ಟೆಯಲ್ಲ. ಚೀಲದ ಬಾಯಿ ಬಿಚ್ಚಿದರೆ ಒಳಗಿಂದ ಏನು ಬೀಳುತ್ತದೆ ಎಂದು ಬಿಚ್ಚುವವಳಿಗೂ ಗೊತ್ತಿರುವುದಿಲ್ಲ. ರಕ್ತ ಹೆಪ್ಪುಗಟ್ಟಿದ ಹತ್ತಿ ಬೀಳುತ್ತದೆ. ಒಡೆದ ಸೀಸೆ, ಇಂಜೆಕ್ಷನ್ ಸೂಜಿ ಬೀಳುತ್ತವೆ. ಒಮ್ಮೆ ಯಾರದೋ ಕಾಲ್ಬೆರಳು ಬಿದ್ದಿತ್ತು. ಅವತ್ತು ಯಾರೂ ಊಟ ಮಾಡಲಿಲ್ಲ ಅಂದುಕೊಂಡಿರಾ? ಮಾಡಿದರು. ಒಂದು ಗಂಟೆಗೆ ಕೈ ತೊಳೆದು, ಡಬ್ಬಿ ಬಿಚ್ಚಿ, ಗೋಡೆಯ ಕಡೆ ಮುಖ ಮಾಡಿ ಉಂಡರು. ಹೊಟ್ಟೆ ಕೇಳಬೇಕಲ್ಲ.

ಒಬ್ಬೊಬ್ಬಳೂ ಬೆಡ್‌ಶೀಟಿನ ಎರಡು ಮೂಲೆ ಹಿಡಿದು, ತೋಳು ಮೇಲೆತ್ತಿ, ಪಟಾರೆಂದು ಕೊಡವಬೇಕು. ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಅದೇ ಕೆಲಸ. ಭುಜ ಕಿತ್ತು ಕೈಗೆ ಬರುತ್ತದೆ. ಕೊಡವದೆ ಹಾಕಿದರೆ ಸೂಜಿ ಡ್ರಮ್ಮಿಗೆ ಸಿಕ್ಕಿ ಮೆಷಿನ್ ಕೆಡುತ್ತದೆ. ಮೆಷಿನ್ ಕೆಟ್ಟರೆ ಗುತ್ತಿಗೆದಾರ ಬಂದು ವಯಸ್ಸು ನೋಡದೆ ಬೈಯುತ್ತಾನೆ. ಸೂಜಿ ಕೈಗೆ ಚುಚ್ಚಿದರೆ ಯಾರೂ ಬರುವುದಿಲ್ಲ. ಕೈಗವಸು ಕೇಳಿದರೆ, "ಸ್ಟಾಕಿಲ್ಲ, ಬಂದ ಮೇಲೆ ಕೊಡ್ತೀವಿ." ಈ ಮಾತು ಕೇಳಿಕೇಳಿ ಹೆಂಗಸರ ಕಿವಿ ತೂತು ಬಿದ್ದಿತ್ತು.

ಆ ತಗಡಿನ ಲಾಂಡ್ರಿಯಲ್ಲಿ ಹದಿನಾಲ್ಕು ಜನ ಹೆಂಗಸರು. ಅವರೊಳಗೆ ಒಬ್ಬಳನ್ನು ಎಲ್ಲರೂ ಅತ್ತಿಗೆ ಎನ್ನುತ್ತಿದ್ದರು. ಅವಳು ತನ್ನ ಗಂಡನ ತಂಗಿಯನ್ನು ಕೆಲಸಕ್ಕೆ ಕರೆತಂದಿದ್ದಳು. ನಾದಿನಿ ದಿನವಿಡೀ ಅತ್ತಿಗೆ, ಅತ್ತಿಗೆ ಎಂದು ಕೂಗಿ, ಆ ಹೆಸರು ಲಾಂಡ್ರಿಗೆಲ್ಲ ಅಂಟಿತು. ಅತ್ತಿಗೆಗಿಂತ ಇಪ್ಪತ್ತು ವರ್ಷ ದೊಡ್ಡವಳಾದ, ಬಟ್ಟೆ ಕುದಿಸುವ ಬಾಯ್ಲರ್ ನೋಡಿಕೊಳ್ಳುವ ಬಾಯ್ಲರಜ್ಜಿ ಕೂಡ ಹಾಗೇ ಕರೆಯುತ್ತಿದ್ದಳು.

ನಾದಿನಿ ಗಂಡನನ್ನು ಬಿಟ್ಟು ಬಂದವಳು. ಬಾಯಿ ಜೋರು, ನಗು ಅದಕ್ಕಿಂತ ಜೋರು. ಅವಳ ಅಂಗೈಗೆ ಸೂಜಿ ಚುಚ್ಚಿದ ದಿನವೂ ನಕ್ಕಳು. ಬುಡದವರೆಗೂ ಇಳಿದಿತ್ತು. ಹಲ್ಲು ಕಚ್ಚಿ ಎಳೆದು, "ನೋಡಿ, ಡಾಕ್ಟರಿಲ್ಲದೆ ಇಂಜೆಕ್ಷನ್, ಅದೂ ಪುಕ್ಕಟೆ" ಎಂದಳು. ಎಲ್ಲರೂ ನಕ್ಕರು. ಸೋಪಿನ ನೀರಿನಲ್ಲಿ ಕೈ ಅದ್ದಿ ಮತ್ತೆ ಕೊಡವಲು ನಿಂತಳು.

ಮೂರು ತಿಂಗಳಿಗೆ ಅವಳ ಕಣ್ಣು ಹಳದಿಯಾಯಿತು. ಉಂಡದ್ದು ದಕ್ಕುತ್ತಿರಲಿಲ್ಲ. ಮೈ ಇಳಿದು, ಹೊಟ್ಟೆ ಮಾತ್ರ ಉಬ್ಬಿತು. ಹೊರಗೆ ರಕ್ತ ಪರೀಕ್ಷೆ ಮಾಡಿಸಿದಾಗ ಅಲ್ಲಿನವನು ಚೀಟಿ ನೋಡಿ, "ಸೂಜಿಯಿಂದ ಬಂದ ಕಾಮಾಲೆ, ಲಿವರಿಗೆ ಹೋಗಿದೆ. ಬೇಗ ಅಡ್ಮಿಟ್ ಮಾಡಿ, ತಡ ಮಾಡಿದ್ರೆ ಉಳಿಯಲ್ಲ" ಎಂದ. ಅತ್ತಿಗೆ ಅವಳನ್ನು ತೋಳಿಗೆ ಒರಗಿಸಿಕೊಂಡು ತಾವು ಹತ್ತು ವರ್ಷ ಬಟ್ಟೆ ಒಗೆದ ಆಸ್ಪತ್ರೆಗೇ ಹೋದಳು.

ಕಿಟಕಿಯ ಗುಮಾಸ್ತ ಕಾಗದ ಮೇಲೆ ಕೆಳಗೆ ಮಾಡಿ ನೋಡಿದ. "ಬೆಡ್ ಖಾಲಿ ಇಲ್ಲ. ನೌಕರರಿಗಾದ್ರೆ ಹೇಗೋ ಕೊಡ್ಬಹುದು, ಇವರು ನಮ್ಮ ನೌಕರರಲ್ಲ. ಗುತ್ತಿಗೆಯವರು. ಅವರನ್ನ ಕೇಳಿ."

ಗುತ್ತಿಗೆದಾರ ಫೋನಿನಿಂದ ಮುಖ ಎತ್ತದೆ ಹೇಳಿದ. "ಸೂಜಿ ನಂದಾ? ಆಸ್ಪತ್ರೆದು. ಅವರನ್ನೇ ಕೇಳಿ."

ನಾಲ್ಕು ದಿನ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಐದನೆಯ ದಿನ ನಾದಿನಿಗೆ ಎದ್ದು ನಿಲ್ಲಲು ಆಗಲಿಲ್ಲ. ಅತ್ತಿಗೆಗೆ ಆವತ್ತು ಬಂದ ಕೋಪ ಅವಳ ಜನ್ಮದಲ್ಲಿ ಬಂದಿರಲಿಲ್ಲ. ಲಾಂಡ್ರಿಗೆ ಬಂದವಳೇ ಮೆಷಿನ್ನಿನ ಸ್ವಿಚ್ ಆರಿಸಿದಳು. "ಅವಳಿಗೆ ಬೆಡ್ ಕೊಡೋವರೆಗೂ ಒಂದು ಬಟ್ಟೆ ಒಗೆಯಲ್ಲ. ಗೇಟಲ್ಲಿ ಕೂರ್ತೀನಿ. ಬರೋರು ಬನ್ನಿ."

ಬಾಯ್ಲರಜ್ಜಿ ಮೊದಲು ಎದ್ದಳು. "ನಡಿ. ನಾಳೆ ನನ್ನ ಕೈಗೂ ಚುಚ್ಚುತ್ತೆ." ಆಮೇಲೆ ಉಳಿದವರು ಎದ್ದರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಮುಚ್ಚಿಟ್ಟರೆ ಕಥೆ ಸುಳ್ಳಾಗುತ್ತದೆ. ಅತ್ತಿಗೆಯ ಮನೆ ಹಡಗು ಪಕ್ಷದ ಮನೆ. ಗಂಡ ಗೋಡೆಯ ಮೇಲೆ ಅಕ್ಷರ ಬರೆಯುವ ಪೇಂಟರ್. ಆ ಭಾಗದ ಗೋಡೆಗಳ ಮೇಲಿನ ನೀಲಿ ಹಡಗೆಲ್ಲ ಅವನ ಕೈಯದೇ. ನಡುಮನೆಯಲ್ಲಿ ನಾಯಕರ ಫೋಟೋ ಇತ್ತು. ನಾದಿನಿಯ ಚಾಪೆ ಅದರ ಕೆಳಗೇ. ಹಿಂದೆ ಏಣಿ ಪಕ್ಷದ ಸರ್ಕಾರವಿದ್ದಾಗ ನರ್ಸುಗಳು ಇದೇ ಗೇಟಿನಲ್ಲಿ ಕೂತರು. ಗಂಡ ಅವರಿಗೆ ಪುಕ್ಕಟೆ ಬೋರ್ಡು ಬರೆದುಕೊಟ್ಟ. ಅತ್ತಿಗೆ, ನಾದಿನಿ ಇಬ್ಬರೂ ಬಿಂದಿಗೆಯಲ್ಲಿ ನೀರು ಹೊತ್ತು ಕೊಟ್ಟರು. ನ್ಯಾಯ ಕೇಳುವವರ ಬಾಯಿ ಒಣಗಬಾರದು ಅಂತ ಅವರ ಮಾತು.

ಆಮೇಲೆ ಹಡಗು ಪಕ್ಷ ಗೆದ್ದಿತು. ವರ್ಷದೊಳಗೆ ಬೀದಿ ಗುಡಿಸುವವರು ಅದೇ ಗೇಟಿನಲ್ಲಿ ಕೂತರು. ಅವರಿಗೆ ಐದು ತಿಂಗಳಿಂದ ಸಂಬಳ ಇರಲಿಲ್ಲ. ಅತ್ತಿಗೆ ಬಸ್ ಸ್ಟಾಪಿನಲ್ಲಿ ನಿಂತು ಮೂಗು ಮುರಿದಿದ್ದಳು. "ಮೈ ಬಗ್ಗಿಸೋಕೆ ಸೋಮಾರಿತನ. ಎಲ್ಲ ಏಣಿಯವರು ಕೂರಿಸಿದ್ದು. ನಮ್ಮ ಸರ್ಕಾರಕ್ಕೆ ಹೆಸರು ಕೆಡಿಸೋಕೆ." ಅವರಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ್ದಳು. ಅವರ ಪೈಕಿ ಒಬ್ಬಳು ತಿರುಗಿ ನೋಡಿದ್ದಳು.

ಈಗ ಅದೇ ಗೇಟು. ಹದಿನಾಲ್ಕರಲ್ಲಿ ಒಬ್ಬಳು ಮಲಗಿದ್ದಾಳೆ, ಹದಿಮೂರು ಜನ ಕೂತಿದ್ದಾರೆ. ಬಾವುಟ ಬೇಡ, ಘೋಷಣೆ ಬೇಡ, ಯಾವ ಪಕ್ಷವೂ ಬೇಡ ಅಂತ ಅತ್ತಿಗೆ ಮೊದಲೇ ಹೇಳಿದ್ದಳು. ಒಂದು ರಟ್ಟಿನ ಮೇಲೆ ಅವಳೇ ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಬರೆದಳು: ನಿಮ್ಮ ಸೂಜಿ ನಮ್ಮ ಕೈಗೆ ಚುಚ್ಚಿದೆ. ಔಷಧಿ ಕೊಡಿ.

ಮೊದಲ ಎರಡು ಗಂಟೆ ಎಷ್ಟು ಚೆನ್ನಾಗಿತ್ತು ಅಂತೀರಿ! ರೋಗಿಗಳ ಕಡೆಯವರು ಬಂದು ಬೋರ್ಡು ಓದಿ ಲೊಚಗುಟ್ಟಿದರು. ಎದುರಿನ ಚಹಾದಂಗಡಿಯವನು ಒಂದು ದೊಡ್ಡ ಜಗ್ಗು ನೀರು ತಂದಿಟ್ಟ. "ಕೂತ್ಕೊಳ್ಳಿ ತಾಯಂದಿರಾ, ನ್ಯಾಯವಾಗೇ ಕೇಳ್ತಿದ್ದೀರ" ಎಂದ. ಒಬ್ಬ ವಯಸ್ಸಾದವರು ಅಜ್ಜಿಯ ಅಂಗೈ ಹಿಡಿದು ಗಾಯದ ಕಲೆಗಳನ್ನು ನೋಡಿ ಕಣ್ಣೊರೆಸಿಕೊಂಡರು.

ಹನ್ನೊಂದಕ್ಕೆ ಬಿಸಿಲು ಏರಿತು. ಟಾರು ಕಾದು ಕೂತ ಜಾಗ ಸುಡತೊಡಗಿತು. ಅಜ್ಜಿಗೆ ತಲೆ ಸುತ್ತಿತು. ನೆರಳಿಗೆ ಏನಾದರೂ ಕಟ್ಟೋಣ ಅಂದರು. ಲಾಂಡ್ರಿಯವರ ಹತ್ತಿರ ಬಟ್ಟೆಗೇನು ಬರ? ಇಬ್ಬರು ಓಡಿಹೋಗಿ ಮೂಲೆಯಲ್ಲಿ ಬಿದ್ದಿದ್ದ ಹಳೆ ಬೆಡ್‌ಶೀಟುಗಳನ್ನು ತಂದರು.

ಬಣ್ಣ ಅಂದರೆ ಅವರಿಗೆ ವಾರ್ಡು. ನೀಲಿ ಅಂದರೆ ಸಾಮಾನ್ಯ ರೋಗಿಗಳದು, ಹಸಿರು ಅಂದರೆ ಆಪರೇಷನ್ನಿನದು, ಹಳದಿ ಅಂದರೆ ಅಂಟುರೋಗದವರದು. ಅಂಟುರೋಗದವರಿಗೆ ಈಗ ಬಳಸಿ ಬಿಸಾಡುವ ಕಾಗದದ ಹಾಸು ಬಂದಿದ್ದರಿಂದ ಹಳದಿ ಶೀಟುಗಳು ನೆಲ ಒರೆಸಲು ಉಳಿದಿದ್ದವು. ನೂರು ಸಲ ಕುದಿಸಿದ ಬಟ್ಟೆ, ಒಳ್ಳೆ ದಪ್ಪ. ಆರು ಶೀಟು ಗಂಟು ಹಾಕಿ ಗೇಟಿನ ಕಂಬಿಗೂ ಎದುರಿನ ಮರಕ್ಕೂ ಬಿಗಿದರು. ತಣ್ಣಗೆ ನೆರಳಾಯಿತು. ಹದಿಮೂರು ಜನರಲ್ಲಿ ಒಬ್ಬಳಿಗಾದರೂ ಏಣಿ ಪಕ್ಷದ ಬಾವುಟ ಹಳದಿ ಎಂಬುದು ನೆನಪಾಗಲಿಲ್ಲ. ಹತ್ತು ವರ್ಷ ಅದೇ ಬಣ್ಣದಲ್ಲಿ ವಾಂತಿ, ಭೇದಿ ತೊಳೆದವರಿಗೆ ಅದು ಬಾವುಟವಾಗಿ ಹೇಗೆ ಕಾಣಬೇಕು?

ಊರಿಗೆ ಕಂಡಿತು. ಬಸ್ಸಿನ ಕಿಟಕಿಯಿಂದ ಯಾರೋ ಫೋಟೋ ಹೊಡೆದರು. ಒಂದು ಗಂಟೆಯೊಳಗೆ ಅದು ಎಲ್ಲರ ಫೋನಿನಲ್ಲಿತ್ತು. "ಏಣಿಯವರ ಹೊಸ ನಾಟಕ. ಆಸ್ಪತ್ರೆ ಗೇಟಿನಲ್ಲಿ ಬಾಡಿಗೆ ಹೆಂಗಸರು" ಎಂದು ಅದರ ಕೆಳಗೆ ಬರಹ.

ಚಹಾದಂಗಡಿಯವನು ಬಂದು ಬಟ್ಟೆಯನ್ನು ನೋಡಿದ. ಆಮೇಲೆ ಹೆಂಗಸರನ್ನು ನೋಡಿದ. ಜಗ್ಗು ಎತ್ತಿಕೊಂಡ. ಅದರಲ್ಲಿ ಇನ್ನೂ ಅರ್ಧ ನೀರಿತ್ತು.

"ಯಾಕಣ್ಣಾ?" ಎಂದಳು ಅತ್ತಿಗೆ.

"ಮೊದಲೇ ಹೇಳಬಾರದಿತ್ತಾ ಇಂಥವರು ಅಂತ? ನಾನೂ ಹಡಗಿನವನೇ. ಸುಮ್ಮನೆ ನನ್ನ ಕೈಲಿ ನೀರು ಕೊಡಿಸಿಬಿಟ್ರಲ್ಲ."

"ಅಯ್ಯೋ, ನಾವೂ ಹಡಗಿನವರೇ ಕಣಣ್ಣಾ! ಇದು ಕಾಯಿಲೆಯವರ ಬೆಡ್‌ಶೀಟು!"

"ಆಯ್ತಾಯ್ತು" ಎಂದು ಹೋದ. ಅವನ ದನಿಯಲ್ಲಿ ನಂಬಿಕೆ ಎಂಬುದು ಹುಡುಕಿದರೂ ಇರಲಿಲ್ಲ.

ಇನ್ನೂ ಕೆಟ್ಟದ್ದು ಆಮೇಲೆ ಬಂತು. ಏಣಿಯವರೇ ಬಂದರು. ಅವರಿಗೂ ಫೋನಿದೆಯಲ್ಲ! ಬಿಳಿ ಕಾರಿನಿಂದ ಇಳಿದ ಮುಖಂಡ ಕೈ ಮುಗಿಯುತ್ತಲೇ ಒಳಗೆ ನುಗ್ಗಿ, ನಿದ್ದೆಗಣ್ಣಿನಲ್ಲಿ ಕೂತಿದ್ದ ಅಜ್ಜಿಯ ಹೆಗಲಿಗೆ ಹಳದಿ ಶಾಲು ಹೊದಿಸಿದ. ನಾಲ್ಕು ಕ್ಯಾಮೆರಾ ಕ್ಲಿಕ್ಕೆಂದವು. ಸೂಜಿ ಯಾರಿಗೆ ಚುಚ್ಚಿತು ಅಂತಲೂ ಕೇಳಲಿಲ್ಲ. ಇದೇ ಪುಣ್ಯಾತ್ಮ ಮಂತ್ರಿಯಾಗಿದ್ದಾಗ ನರ್ಸುಗಳ ಮೇಲೆ ಪೊಲೀಸರನ್ನು ಬಿಟ್ಟಿದ್ದ.

"ಎದ್ದೋಗ್ರೀ ಇಲ್ಲಿಂದ!" ಅತ್ತಿಗೆ ಶಾಲು ಕಿತ್ತು ಅವನ ಎದೆಗೇ ಎಸೆದಳು. "ನಿಮ್ಮನ್ನ ಕರೆದೋರು ಯಾರು?"

ಅವನು ನಗುತ್ತಾ ಹೋದ. ಅವನಿಗೆ ಬೇಕಾದ ಫೋಟೋ ಸಿಕ್ಕಿತ್ತು. ಶಾಲು ಎಸೆದ ಫೋಟೋ ಯಾರೂ ಹೊಡೆಯಲಿಲ್ಲ.

ಮಧ್ಯಾಹ್ನ ಗಂಡ ಬಂದ. ಕೈಯೆಲ್ಲ ನೀಲಿ ಬಣ್ಣ, ಮುಖ ಕೆಂಡ. "ಬಿಚ್ಚೇ ಅದನ್ನ! ಮಾನ ಇದೆಯಾ ನಿನಗೆ? ಇಪ್ಪತ್ತು ವರ್ಷ ಪಕ್ಷಕ್ಕೆ ಗೋಡೆ ಬರೆದವನು ನಾನು. ಎಲ್ಲರೂ ನನ್ನ ಮುಖಕ್ಕೆ ಉಗೀತಿದ್ದಾರೆ."

"ನಿಮ್ಮ ತಂಗಿಗೋಸ್ಕರ ಕೂತಿದ್ದೀನಿ ನಾನು. ನನ್ನ ತಂಗಿಗಲ್ಲ."

"ತಂಗಿಗೆ ನಾನು ಮೈಕಣ್ಣನ ಹತ್ರ ಮಾತಾಡ್ತಿದ್ದೆ. ಒಳಗಿಂದೊಳಗೆ ಆಗ್ತಿತ್ತು ಕೆಲಸ. ನೀನು ಬೀದಿಗೆ ತಂದೆ. ಅದೂ ಈ ಬಣ್ಣ ಕಟ್ಕೊಂಡು!"

"ಅವಳ ಕಣ್ಣೂ ಹಳದಿಯಾಗಿದೆ. ಅವಳೂ ಏಣಿ ಪಕ್ಷ ಸೇರಿದ್ದಾಳಾ? ಹೋಗಿ ಕೇಳಿ!"

ಗಂಡ ಹೊಡೆಯಲು ಕೈ ಎತ್ತಿದವನು ಹಾಗೇ ಇಳಿಸಿದ. ತಂಗಿಗೆ ದಿನಾ ಅಂಬಲಿ ಕಾಯಿಸಿ, ಆರಿಸಿ, ಚಮಚದಲ್ಲಿ ಕುಡಿಸುವವನು ಅವನೇ. ಅವಳು ವಾಂತಿ ಮಾಡಿದರೆ ಬೊಗಸೆ ಒಡ್ಡುವವನೂ ಅವನೇ. ಆದರೆ ತನ್ನ ಸರ್ಕಾರದ ಆಸ್ಪತ್ರೆ ತನ್ನ ತಂಗಿಯನ್ನು ಸಾಯಲು ಬಿಡುತ್ತದೆ ಎಂದು ಅವನ ತಲೆಗೆ ಹೋಗುತ್ತಲೇ ಇರಲಿಲ್ಲ. ಮೈಕಣ್ಣ ಎಂದರೆ ಆ ವಾರ್ಡಿನ ಹಡಗು ಪಕ್ಷದ ಮುಖಂಡ. ಪಿಸುಮಾತು ಬಾರದ ಗಂಟಲು, ಅದಕ್ಕೇ ಆ ಹೆಸರು. ಅವನು ನೋಡೋಣ ಎಂದರೆ ಗಂಡನಿಗೆ ಕೆಲಸ ಆದ ಹಾಗೇ.

ಹಳದಿ ಬಟ್ಟೆ ಬಿಚ್ಚಿದರು. ಬಿಸಿಲಲ್ಲಿ ಕೂತರು.

"ಈಗ ಯಾವ ಬಣ್ಣ ಕಟ್ಟಬೇಕೋ ನೀವೇ ಹೇಳ್ರಪ್ಪಾ" ಎಂದು ಬಾಯ್ಲರಜ್ಜಿ ರಸ್ತೆಗೇ ಕೂಗಿದಳು. "ನೀಲಿ ಕಟ್ಟಿದ್ರೆ ಅವರು ಬೈತಾರೆ, ಹಳದಿ ಕಟ್ಟಿದ್ರೆ ಇವರು ಬೈತಾರೆ. ಬರಿಮೈಲಿ ಕೂತ್ರೆ ಪೊಲೀಸರು ಬರ್ತಾರೆ!" ಹೆಂಗಸರು ನಕ್ಕರು. ಅವತ್ತಿನ ನಗು ಅದೊಂದೇ.

ಬಿಚ್ಚಿದ್ದರಿಂದ ಏನೂ ಆಗಲಿಲ್ಲ. ಸಿಕ್ಕಿಬಿದ್ದರು, ಅದಕ್ಕೇ ಬಿಚ್ಚಿದರು ಎಂದು ಜನ ಆಡಿಕೊಂಡರು. ಬೆಳಿಗ್ಗೆ ಲೊಚಗುಟ್ಟಿದವರೇ ಸಂಜೆ ಮುಖ ತಿರುಗಿಸಿದರು. ಅಜ್ಜಿಯ ಅಂಗೈ ನೋಡಿ ಅತ್ತಿದ್ದ ಹಿರಿಯರು ಅದೇ ದಾರಿಯಲ್ಲಿ ಬಂದರು. ಅವರೂ ಹಡಗಿನವರೇ ಇರಬೇಕು. ನೆಲ ನೋಡುತ್ತಾ ರಸ್ತೆ ದಾಟಿಬಿಟ್ಟರು. ಬೋರ್ಡು ಅಲ್ಲೇ ಇತ್ತು. ಅಂಗೈಗಳೂ ಅವೇ ಇದ್ದವು. ಕಲೆ ಒಂದೂ ಕಡಿಮೆಯಾಗಿರಲಿಲ್ಲ.

ಮರುದಿನ ಏಳಕ್ಕೆ ಬೀದಿ ಗುಡಿಸುವವಳು ಬಂದಳು. ಅವತ್ತು ತಿರುಗಿ ನೋಡಿದ್ದಳಲ್ಲ, ಅವಳೇ. ಇವರು ಕೂತ ಜಾಗ ಬಿಟ್ಟು ಸುತ್ತಲೂ ಗುಡಿಸಿದಳು. ಅತ್ತಿಗೆಗೆ ತಲೆ ಎತ್ತಲಾಗಲಿಲ್ಲ. ಆದರೂ ಎತ್ತಿದಳು.

"ಅವತ್ತು ನಾನು ಅಂದಿದ್ದು ತಪ್ಪಾಯ್ತು ಕಣಮ್ಮಾ."

"ಆಯ್ತು ಬಿಡಿ."

"ನೀವೂ ಬಂದು ಕೂತ್ರೆ..."

ಅವಳು ಪೊರಕೆ ನಿಲ್ಲಿಸಿದಳು. "ನಾವು ಕೂತಾಗ ಹನ್ನೊಂದು ಜನರ ಕೆಲಸ ಹೋಯ್ತು. ನಾನು ಉಳಿದೆ. ಹೇಗೆ ಉಳಿದೆ ಅಂತ ಕೇಳ್ಬೇಡಿ." ಕಸದ ಗಾಡಿ ತಳ್ಳಿಕೊಂಡು ಹೊರಟುಹೋದಳು. ಅವಳ ಮೇಲೆ ಅತ್ತಿಗೆಗೆ ಕೋಪ ಬರಲಿಲ್ಲ.

ಮೂರನೆಯ ದಿನ ನಾದಿನಿ ರಕ್ತ ಕಾರಿದಳು. ಸುದ್ದಿ ಬಂದ ಅರ್ಧ ಗಂಟೆಗೆ ಮೈಕಣ್ಣನೂ ಬಂದ. ಅತ್ತಿಗೆಯೊಬ್ಬಳನ್ನೇ ಲಾಂಡ್ರಿಯ ಇಸ್ತ್ರಿ ಕೋಣೆಗೆ ಕರೆದ. ಅಲ್ಲಿ ದೊಡ್ಡ ಡಾಕ್ಟರು ಕೂತಿದ್ದರು. ಮೇಜಿನ ಮೇಲೆ ಒಂದು ಚೀಟಿ. ನಾದಿನಿಯ ಹೆಸರು, ವಯಸ್ಸು, ಹೆಣ್ಣು, ಬೆಡ್ ಒಂಬತ್ತು. ಎಲ್ಲ ಬರೆದಾಗಿತ್ತು. ಸಹಿ ಒಂದೇ ಬಾಕಿ.

"ನೋಡಮ್ಮಾ," ಎಂದ ಮೈಕಣ್ಣ. "ನೀನು ನಮ್ಮ ಮನೆ ಹೆಣ್ಣುಮಗಳು. ನಿನ್ನ ಮೇಲೆ ನನಗೆ ಕೋಪ ಇಲ್ಲ. ತಪ್ಪಾಯ್ತು ಅಂತ ಎರಡು ಮಾತು ಹೇಳಿಬಿಡು, ಫೋನಲ್ಲಿ ವಿಡಿಯೋ ಮಾಡ್ಕೊಳ್ತೀನಿ. ಈಗಲೇ ಸಹಿ. ಈಗಲೇ ಆಂಬುಲೆನ್ಸು."

"ಏನು ಹೇಳ್ಬೇಕು?"

ಅವನು ಹೇಳಿಕೊಟ್ಟ. ಮಗುವಿಗೆ ಪಾಠ ಹೇಳಿಕೊಡುವಂತೆ, ಬೆರಳು ಆಡಿಸುತ್ತಾ.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಹೇಳಿ ನೋಡೋಣ. ಮನೆಯಲ್ಲಿ ಒಂದು ಜೀವ ರಕ್ತ ಕಾರುತ್ತಿದೆ. ಎದುರಿಗೆ ಚೀಟಿ ಇದೆ. ಅತ್ತಿಗೆ ಒಪ್ಪಿದಳು. ಒಪ್ಪದಿದ್ದರೆ ಅವಳನ್ನು ಮನುಷ್ಯಳೆನ್ನಲು ನನ್ನ ನಾಲಿಗೆ ಹೊರಳುತ್ತಿರಲಿಲ್ಲ.

ಮೊದಲ ಸಲ ದನಿಯೇ ಏಳಲಿಲ್ಲ. "ಗಟ್ಟಿಯಾಗಿ" ಎಂದ ಮೈಕಣ್ಣ.

ಎರಡನೆಯ ಸಲ ಸರಿಯಾಗಿ ಬಂತು. "ನಾವು ಬಡವರು. ನಮಗೆ ತಿಳೀಲಿಲ್ಲ. ಏಣಿಯವರು ದುಡ್ಡು ಕೊಟ್ಟು ನಮ್ಮನ್ನ ಕೂರಿಸಿದ್ರು. ನಮ್ಮ ಸರ್ಕಾರ ನಮ್ಮನ್ನ ಚೆನ್ನಾಗಿ ನೋಡ್ಕೊಳ್ತಿದೆ. ನನ್ನ ಮಕ್ಕಳಾಣೆ."

ಮಕ್ಕಳಾಣೆ ಎಂಬುದನ್ನು ಅವನು ಹೇಳಿಕೊಟ್ಟಿರಲಿಲ್ಲ. ಬೇಗ ಮುಗಿಯಲಿ ಎಂದು ಅವಳೇ ಸೇರಿಸಿದಳು.

"ಭೇಷ್! ಇನ್ನೊಂದೇ ಒಂದು ಸಲ. ಇದನ್ನ ಹಾಕ್ಕೊಂಡು ಹೇಳು, ಇನ್ನೂ ಚೆನ್ನಾಗಿ ಬರುತ್ತೆ." ಮೈಕಣ್ಣ ಮೂಲೆಯ ಕಪಾಟಿನ ಬೀಗ ತೆಗೆಸಿ ಒಂದು ಪೊಟ್ಟಣ ತೆಗೆದು ಹರಿದ. ಒಳಗೆ ಕೈಗವಸು. ಹೊಸದು. ಮೊಣಕೈವರೆಗೆ ಬರುವ ದಪ್ಪ ರಬ್ಬರಿನದು. ಅವಳು ಬಲಗೈ ತೂರಿಸಿದಳು. ಐದು ಬೆರಳೂ ಸರಿಯಾಗಿ ಕೂತವು. ಅಳತೆ ತೆಗೆದು ಮಾಡಿಸಿದ ಹಾಗಿತ್ತು. ಇಷ್ಟು ದಪ್ಪದ್ದು ಹಾಕಿಕೊಂಡರೆ ಸೂಜಿಯಲ್ಲ, ಮೊಳೆಯೂ ಇಳಿಯುವುದಿಲ್ಲ.

"ಇದು ಎಲ್ಲಿತ್ತು?" ಎಂದಳು.

"ಇಲ್ಲೇ, ಸ್ಟೋರಲ್ಲಿ."

"ಯಾವಾಗಿಂದ?"

ಮೈಕಣ್ಣ ಡಾಕ್ಟರನ್ನು ನೋಡಿದ. ಡಾಕ್ಟರು ಕನ್ನಡಕ ಒರೆಸತೊಡಗಿದರು. ಕಪಾಟಿನ ಬಾಗಿಲು ತೆರೆದೇ ಇತ್ತು. ಒಳಗೆ ಅಂಥವೇ ಪೊಟ್ಟಣಗಳು, ಮೇಲಿನಿಂದ ಕೆಳಗಿನವರೆಗೆ. ಮೇಲೆ ಬೆರಳಿಟ್ಟರೆ ಗುರುತು ಮೂಡುವಷ್ಟು ಧೂಳು. ಗೋಡೆಯ ಆಚೆಗೆ ಅವರು ಬಟ್ಟೆ ಕೊಡವುವ ಜಾಗ.

ಅತ್ತಿಗೆ ಕೈಗವಸನ್ನು ಎಳೆದೆಳೆದು ನೋಡಿದಳು. ಬೆವರಿಗೆ ಅಂಟಿಕೊಂಡು ಬರಲೊಲ್ಲದು. ಹಲ್ಲಿನಿಂದ ಕಚ್ಚಿ ಕಿತ್ತಳು.

"ಹೇಳಲ್ಲ."

"ಏನಮ್ಮಾ?"

"ಹೇಳಲ್ಲ ಅಂದೆ. ಸೂಜಿ ಯಾವ ಪಕ್ಷದ್ದು? ಹೇಳ್ರೀ! ಗೋಡೆ ಆಚೆ ನಾವು ಬರಿಗೈಲಿ ಸಾಯ್ತಿದ್ವಿ. ಈಚೆ ಇದನ್ನ ಬೀಗ ಹಾಕಿ ಇಟ್ಕೊಂಡಿದ್ರಲ್ಲ, ನೀವು ಯಾವ ಪಕ್ಷ? ಏಣಿಯವರು ನನಗೆ ಚಿಕ್ಕಾಸು ಕೊಟ್ಟಿಲ್ಲ. ನಾನು ಹಡಗಿಗೆ ಓಟು ಹಾಕಿದವಳು. ಹಾಕಿದ ಕೈ ಇದೇ. ಚುಚ್ಚಿಸ್ಕೊಂಡ ಕೈಯೂ ಇದೇ. ಇದನ್ನ ಹಾಕಿ ತೋರಿಸಿ ನಿಮ್ಮ ಫೋನಲ್ಲಿ!"

ಫೋನು ಕೆಳಗಿಳಿದಿತ್ತು. ಮೈಕಣ್ಣ ಅದನ್ನು ಜೇಬಿಗೆ ಹಾಕಿಕೊಂಡ. ಮೊದಲ ಸಲ ಅವನು ಮೆಲ್ಲಗೆ ಮಾತಾಡಿದ್ದು ಕೇಳಿಸಿತು. "ಎರಡನೇ ಸಲದ್ದು ಸಾಕು ಬಿಡಿ ಸಾರ್." ಡಾಕ್ಟರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕೋಟಿನೊಳಗೆ ಇಟ್ಟುಕೊಂಡರು. ನೆಲಕ್ಕೆ ಬಿದ್ದಿದ್ದ ಕೈಗವಸನ್ನು ಎತ್ತಿ ಪೊಟ್ಟಣಕ್ಕೆ ಸೇರಿಸಿ ಕಪಾಟಿಗೆ ಬೀಗ ಹಾಕಿದರು.

ಆ ಮಾತಿನ ಅರ್ಥ ಅತ್ತಿಗೆಗೆ ಆಗಲೇ ಹೊಳೆಯಲಿಲ್ಲ. ಉಸಿರುಗಟ್ಟಿ ಗೇಟಿಗೆ ಓಡಿದಳು. ಕಪಾಟಿನ ವಿಷಯ ಹೇಳಬೇಕಿತ್ತು. ಎಲ್ಲರನ್ನೂ ಕರೆತಂದು ಆ ಬೀಗ ಒಡೆಸಬೇಕಿತ್ತು. ಆದರೆ ಅವಳು ನೀರು ಕುಡಿದು, ಉಸಿರು ಹಿಡಿದು, ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಹೆಂಗಸರೆಲ್ಲ ಒಂದು ಫೋನಿನ ಸುತ್ತ ಗುಂಪಾಗಿದ್ದರು. ಅವಳದೇ ದನಿ ಅವಳಿಗೆ ಕೇಳಿಸಿತು. ನನ್ನ ಮಕ್ಕಳಾಣೆ.

ಹೆಂಗಸರು ಒಬ್ಬೊಬ್ಬರೇ ಎದ್ದು ಬಟ್ಟೆಯ ಧೂಳು ಕೊಡವಿಕೊಂಡರು.

"ಕೇಳ್ರೇ! ಆಮೇಲೆ ಹೇಳಲ್ಲ ಅಂದೆ ಕಣ್ರೇ! ಒಳಗೆ ಕಪಾಟಿದೆ, ಅದರ ತುಂಬಾ ಕೈಗವಸಿದೆ, ಬಂದು ನೋಡಿ! ಹೇಳಲ್ಲ ಅಂದಿದ್ದನ್ನ ಅವರು ಹಾಕಿಲ್ಲ!"

ಬಾಯ್ಲರಜ್ಜಿ ಮಂಡಿ ಹಿಡಿದು ಎದ್ದು ನಿಂತಳು. "ನಮ್ಮನ್ನ ಅಂತ ಅಂದಿದ್ದೀಯಲ್ಲೇ," ಎಂದಳು. "ನನ್ನನ್ನ ಅಂತ ಅಂದಿದ್ರೆ ಆಗ್ತಿತ್ತು. ನಾನು ಯಾರ ಹತ್ರ ದುಡ್ಡು ಇಸ್ಕೊಂಡೆ? ನನ್ನ ಮೊಮ್ಮಕ್ಕಳು ನೋಡ್ತಾರೆ ಇದನ್ನ."

ಅತ್ತಿಗೆ ಅವಳ ಕಾಲು ಹಿಡಿಯಲು ಬಗ್ಗಿದಳು. ಅಜ್ಜಿ ಹಿಂದೆ ಸರಿದಳು. ಗುತ್ತಿಗೆದಾರ ಲಾಂಡ್ರಿಯ ಬಾಗಿಲಲ್ಲಿ ನಿಂತು ಒಳಗೆ ಬನ್ನಿ ಎಂದು ಕೈ ಮಾಡಿದ. ಹನ್ನೆರಡು ಜನ ಒಳಗೆ ಹೋದರು. ಅತ್ತಿಗೆ ಹೋದಾಗ ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಟ್ಟೆ ಕೊಡವುವ ಸದ್ದು ಕೇಳಿಸಿತು. ಮೂರು ದಿನದ ಬಟ್ಟೆ ಬಿದ್ದಿತ್ತು.

ಅವಳು ಮನೆಗೆ ಬಂದಾಗ ಸಂಜೆ ಐದು. ನಾದಿನಿಯನ್ನು ಗೋಡೆಗೆ ಒರಗಿಸಿ ಗಂಡ ಅಂಬಲಿ ಕುಡಿಸುತ್ತಿದ್ದ. ಅವಳ ಎದೆಯ ಮೇಲೆ ಹಾಸಿದ್ದ ಟವೆಲ್ಲಿನಲ್ಲಿ ರಕ್ತದ ಕಲೆ. ಮುಖ ಹಳದಿ, ಕಣ್ಣು ಹಳದಿ, ಉಗುರೂ ಹಳದಿ.

"ಯಾಕೆ ಮಧ್ಯದಲ್ಲಿ ಬಾಲ ಬಿಚ್ಚಿದೆ?" ಎಂದ ಗಂಡ. ಆ ಸುದ್ದಿ ಅವನಿಗೂ ಮುಟ್ಟಿತ್ತು. "ಅಷ್ಟು ಚೆನ್ನಾಗಿ ಹೇಳಿದ್ಯಲ್ಲ. ಇನ್ನೊಂದು ಸಲ ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಬೆಡ್ ಬರೆದಿದ್ರಂತೆ. ಒಂಬತ್ತನೇ ನಂಬರು." ಅವನ ದನಿ ಒಡೆಯಿತು. "ನಾಳೆ ನಾನೇ ಮೈಕಣ್ಣನ ಕಾಲು ಹಿಡೀತೀನಿ. ನಮ್ಮವನು. ಕೈ ಬಿಡಲ್ಲ."

ಅತ್ತಿಗೆ ಚಾಪೆಯ ಪಕ್ಕ ಕುಸಿದು ಕೂತು ನಾದಿನಿಯ ಪಾದ ತೊಡೆಯ ಮೇಲಿಟ್ಟುಕೊಂಡಳು. ಪಾದ ಊದಿತ್ತು. ಒತ್ತಿದ ಕಡೆ ಕುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಇವಳೊಬ್ಬಳಿಗೆ ಹೇಳಿದರೆ ಸಾಕು ಅನ್ನಿಸಿತು. ಕಪಾಟು, ಧೂಳು, ಹಲ್ಲಿನಿಂದ ಕಚ್ಚಿ ಕಿತ್ತದ್ದು. ಊರು ನಂಬದಿದ್ದರೆ ಮಣ್ಣು ತಿನ್ನಲಿ. ಚುಚ್ಚಿದ್ದು ಇವಳ ಕೈಗೆ. ಇವಳಿಗೆ ಗೊತ್ತಿರುತ್ತದೆ.

ನಾದಿನಿಯೇ ಮೊದಲು ಬಾಯಿ ತೆರೆದಳು. ಅಣ್ಣ ಅಂಬಲಿಯ ಪಾತ್ರೆ ತೊಳೆಯಲು ಹಿಂದೆ ಹೋಗುವವರೆಗೆ ಕಾದಿದ್ದಳು. ಕಷ್ಟಪಟ್ಟು ಮುಂದಕ್ಕೆ ಬಾಗಿ, ಅತ್ತಿಗೆಯ ಕೈ ಹಿಡಿದುಕೊಂಡಳು.

"ವಿಡಿಯೋ ನೋಡ್ದೆ. ಅಣ್ಣ ತೋರಿಸ್ದ."

"ಹೂಂ."

"ಏಣಿಯವರು ಎಷ್ಟು ಕೊಟ್ರು ಅತ್ತಿಗೆ?"

ಅವಳ ದನಿಯಲ್ಲಿ ಕೋಪವಿರಲಿಲ್ಲ. ಬೇಸರವೂ ಇರಲಿಲ್ಲ. ಎಷ್ಟೋ ಗುಟ್ಟುಗಳನ್ನು ಇಬ್ಬರೂ ಹೀಗೇ ಪಿಸುಗುಟ್ಟಿ ಹಂಚಿಕೊಂಡಿದ್ದರು. ನಾದಿನಿ ಹಿತ್ತಿಲ ಬಾಗಿಲ ಕಡೆ ಒಮ್ಮೆ ನೋಡಿ ದನಿ ಇನ್ನೂ ತಗ್ಗಿಸಿದಳು.

"ನನಗಾದ್ರೂ ಹೇಳ್ಬಹುದಿತ್ತು. ಅಣ್ಣಂಗೆ ನಾನು ಹೇಳ್ತಿರ್ಲಿಲ್ಲ."